ಅಳೆದು ನೋಡಿದರೆ ಸಾಲದು

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾಗಿ, ಓದು ಬಿಟ್ಟು ಮದುವೆಯಾದವಳು ನಾನು. ಹಿರೀಸಾವೆ ಪಕ್ಕದ ನಮ್ಮೂರ ಅಂಗನವಾಡಿಯ ಸಹಾಯಕಿ ನಿವೃತ್ತರಾಗುವವರಿದ್ದರು. ಆ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಲೇಬೇಕು. ಮಗಳೂ ಆ ವರ್ಷ ಹತ್ತನೇ ತರಗತಿ. ಅವಳ ಜೊತೆಗೆ ನಾನೂ ಗಣಿತ ಪರೀಕ್ಷೆಗೆ ಕಟ್ಟಿದೆ. ಕಟ್ಟಿದ ದಿನದಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಸರಾಸರಿ ಲೆಕ್ಕ ಹೇಗೋ ಕೈಹತ್ತಿತು. ರೇಖಾಗಣಿತ ಮಾತ್ರ ಪ್ರಾಣ ತಿಂದಿತು. ವೃತ್ತದ ಹೊರಗಿನ ಒಂದು ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂದು ಸಾಧಿಸಬೇಕಿತ್ತು. ನಾನು ಸ್ಕೇಲಿಟ್ಟು ಅಳೆದೆ. ಎರಡೂ ಒಂದೇ ಉದ್ದ. ಹಾಗೇ ಬರೆದುಕೊಟ್ಟೆ. ಮಗಳು ಬಿದ್ದು ಬಿದ್ದು ನಕ್ಕಳು.

"ಅಳದ್ರೆ ಮಾರ್ಕ್ಸ್ ಕೊಡಲ್ಲ ಕಣಮ್ಮ. ಯಾಕೆ ಸಮ ಅಂತ ಬರೀಬೇಕು."

"ಕಣ್ಣಿಗೆ ಕಾಣ್ತಾ ಐತಲ್ಲೇ. ಇನ್ನೇನ್ ಸಾಧಿಸೋದು, ನನ್ನ ತಲೆ?"

"ಈ ಚಿತ್ರದಾಗೆ ಕಾಣ್ತದೆ. ಬ್ಯಾರೆ ಚಿತ್ರ ಬರೆದ್ರೆ?"

ಸಿಟ್ಟು ಬಂತು. ಪುಸ್ತಕ ಮುಚ್ಚಿ ಎದ್ದು ಮುದ್ದೆಗೆ ಎಸರಿಟ್ಟೆ. ಅವಳು ಒಲೆಯ ಪಕ್ಕಕ್ಕೇ ಬಂದು ಮತ್ತೆ ಶುರುಮಾಡಿದಳು. ನನ್ನಿಂದ ಅವಳ ಓದು ಹಾಳಾಗುತ್ತದೆಂಬ ಚಿಂತೆ ಬೇರೆ. "ನಿಂದು ಓದ್ಕೋ ಓಗೇ" ಎಂದರೆ, "ನಂದು ಆಯ್ತದೆ ಬಿಡು" ಎನ್ನುವಳು. ಅರ್ಥವಾಗದೆ ಕೊನೆಗೆ ಬಾಯಿಪಾಠ ಮಾಡಿದೆ.

ಚನ್ನರಾಯಪಟ್ಟಣದಲ್ಲಿ ಪರೀಕ್ಷೆ. ಅದೇ ಪ್ರಶ್ನೆ ಬಂತು. ಬರೆಯಲು ಹೋದರೆ ಎರಡನೇ ಸಾಲೇ ಮರೆತುಹೋಗಿದೆ. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋದರೆ ಕೆಲಸವೂ ಹೋಯಿತು. ಬೇರೆ ದಾರಿಯಿಲ್ಲದೆ ಚಿತ್ರವನ್ನೇ ನೋಡಿದೆ. ಕೇಂದ್ರದಿಂದ ಸ್ಪರ್ಶಕಗಳು ವೃತ್ತಕ್ಕೆ ತಾಗುವ ಬಿಂದುಗಳಿಗೆ ಎರಡು ಗೆರೆ ಎಳೆದೆ. ಎರಡೂ ತ್ರಿಜ್ಯ, ಅದಕ್ಕೇ ಸಮ. ಎರಡೂ ಸ್ಪರ್ಶಕಕ್ಕೆ ಲಂಬ. ಕೇಂದ್ರದಿಂದ ಹೊರಗಿನ ಬಿಂದುವಿಗೆ ಎಳೆದ ಗೆರೆ ಎರಡು ತ್ರಿಭುಜಗಳಿಗೂ ಒಂದೇ. ಅಂದಮೇಲೆ ಎರಡು ತ್ರಿಭುಜವೂ ಸರ್ವಸಮ, ಸ್ಪರ್ಶಕಗಳೂ ಸಮ. ಅಯ್ಯೋ ಶಿವನೇ, ಇಷ್ಟೇನಾ ಅಂದುಕೊಂಡೆ. ವೃತ್ತ ಎಷ್ಟೇ ದೊಡ್ಡದಿರಲಿ, ಇದು ತಪ್ಪುವಂತಿಲ್ಲ. ನನಗೆ ತಿಳಿದ ಮಾತಿನಲ್ಲೇ ಬರೆದೆ. ಹೊರಗೆ ಬಂದ ಮೇಲೆ ಸರಿಯೋ ತಪ್ಪೋ ಎಂದು ಮತ್ತೆ ಸಂಕಟ.

ಫಲಿತಾಂಶದ ದಿನ ಮೊಬೈಲಿನಲ್ಲಿ ಪುಟವೇ ತೆರೆಯಲೊಲ್ಲದು. ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಕೊನೆಗೆ ಮಗಳು, "ಪಾಸು ಕಣಮ್ಮ, ಮೂವತ್ತೆಂಟು" ಎಂದಳು. ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು, "ನಿಂದೆಷ್ಟು ಬಂತೇ?" ಎಂದು ಕೇಳಿದೆ.

"ತಾಳಮ್ಮ, ನನ್ ನಂಬರ್ ಇನ್ನೂ ಹಾಕಿಲ್ಲ" ಎಂದಳು. ಮೊಬೈಲಿನಲ್ಲಿ ತನ್ನ ನಂಬರ್ ಒತ್ತತೊಡಗಿದಳು.