ಸಾಹೇಬರ ಬಾತುಕೋಳಿ ಬೇಟೆ

ಹಳೇ ವಿಡಿಯೊ ಗೇಮ್ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ವಾಡಿಯಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ಸಾಹೇಬರ ಕ್ವಾರ್ಟರ್ಸಿನಲ್ಲೂ ಅಂಥದ್ದೊಂದಿತ್ತು. ಟಿವಿಯಲ್ಲಿ ಬಾತುಕೋಳಿಗಳು ಹಾರುತ್ತಿದ್ದವು, ಸಾಹೇಬರು ಪ್ಲಾಸ್ಟಿಕ್ ಪಿಸ್ತೂಲಿನಿಂದ ಹೊಡೆಯುತ್ತಿದ್ದರು. ರಜೆ ಬೇಕಾದವರು ಭಾನುವಾರ ಹೋಗಿ, ಕೂತು ಹೊಗಳಬೇಕಿತ್ತು.

“ನಮ್ಮಜ್ಜ ಕುಂಚಾವರಂ ಅಡವ್ಯಾಗ ಬೇಟೆ ಆಡ್ತಿದ್ರು. ಗುರಿ ಅನ್ನೋದು ರಕ್ತದಾಗೇ ಬರಬೇಕ್ರಿ,” ಎಂದರು ಸಾಹೇಬರು.

“ಹೌದ್ರಿ ಸಾಹೇಬ್ರ, ಭಾಳ ಛಲೋ ಗುರಿ,” ಎಂದೆ. ತಂಗಿಯ ಮದುವೆಗೆ ರಜೆ ಬೇಕಿತ್ತಲ್ಲ!

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಟ್ರೇ ಇಡಲು ಜಾಗ ಮಾಡುತ್ತ, ಟೀಪಾಯಿಯ ಮೇಲಿದ್ದ ಪಿಸ್ತೂಲನ್ನು ಆಕೆ ಎತ್ತಿದರು. ಅದರ ಮೂತಿ ಟಿವಿಯ ಎದುರುಗೋಡೆಯ ಟ್ಯೂಬ್‌ಲೈಟಿನತ್ತ ತಿರುಗಿತ್ತು. ಬೆರಳು ತಾಗಿ ಟ್ರಿಗರ್ ಒತ್ತಿತು. ಟಿವಿಯಲ್ಲಿ ಬಾತುಕೋಳಿ ಬಿತ್ತು. ಬೇಕೆಂದೇ ಮತ್ತೊಮ್ಮೆ ಒತ್ತಿದರು. ಇನ್ನೊಂದು ಬಿತ್ತು.

“ಅಯ್ಯ, ಟಿವಿ ಕಡೀ ನೋಡೋದೇ ಬ್ಯಾಡೇನ್ರಿ? ಲೈಟಿಗಿ ಹೊಡದ್ರೂ ಬೀಳ್ತಾವಲ್ಲ!” ಎಂದು ನಕ್ಕರು. ನಾನೂ ನಕ್ಕುಬಿಟ್ಟೆ. ಸಾಹೇಬರು ನಗಲಿಲ್ಲ. ನನ್ನ ರಜೆಯ ಕಥೆ ಅಲ್ಲಿಗೇ ಮುಗಿಯಿತು.

ಕೆಲವು ವಾರ ಬಿಟ್ಟು ಮತ್ತೆ ಹೋದಾಗ ನೋಡುತ್ತೇನೆ, ಟ್ಯೂಬ್‌ಲೈಟನ್ನು ಕಿತ್ತು ಟಿವಿಯ ನೆತ್ತಿಯ ಮೇಲೆ ಹಾಕಿಸಿದ್ದಾರೆ. ಅಂದು ಸಾಹೇಬರ ಒಂದು ಗುಂಡೂ ಹುಸಿಹೋಗಲಿಲ್ಲ. ಹೊಸದಾಗಿ ಸೇರಿದ ಗುಮಾಸ್ತರು ಬೆರಗಾಗಿ ಚಪ್ಪಾಳೆ ತಟ್ಟಿದರು.

“ರಕ್ತದಾಗೇ ಬರಬೇಕ್ರಿ,” ಎಂದರು ಸಾಹೇಬರು, ನನ್ನ ಕಡೆ ಮಾತ್ರ ನೋಡದೆ.