ಕಿತ್ತು ನೋಡುತ್ತಿದ್ದ ಕಲ್ಲೇಶಪ್ಪ

ಎಲ್ಲ ಸರಿಯಿದೆ ಎಂದು ಯಂತ್ರ ತೋರಿಸುವ ಹಸಿರು ದೀಪವನ್ನು ಕಲ್ಲೇಶಪ್ಪ ನಂಬುತ್ತಿರಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಚೆನ್ನಾಗಿ ಕೆಲಸ ಮಾಡುತ್ತಿದ್ದ ಒಂದು ಕೇಬಲನ್ನು ಕಿತ್ತು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅದರ ಜೋಡಿ ಕೇಬಲು ಹೊರೆ ಹೊತ್ತುಕೊಂಡಿತೆಂದು ಖಾತ್ರಿಯಾದ ಮೇಲೆ ಮತ್ತೆ ಚುಚ್ಚುತ್ತಿದ್ದರು. "ಕಿತ್ತು ನೋಡ್ದೆ ಎರಡೈತೆ ಅನ್ಬಾರ್ದು ಸಾ," ಎನ್ನುತ್ತಿದ್ದರು.

ತಿಪಟೂರಿನಲ್ಲಿ ಹಿಂದೆ ಕೊಬ್ಬರಿ ಗೋದಾಮಾಗಿದ್ದ ಕಟ್ಟಡದಲ್ಲಿ ನಮ್ಮ ಪುಟ್ಟ ಡೇಟಾ ಸೆಂಟರ್ ಇತ್ತು. ಎರಡು ಆಸ್ಪತ್ರೆಗಳ, ಕೆಲವು ಸಹಕಾರ ಸಂಘಗಳ ಕಂಪ್ಯೂಟರ್ ಕೆಲಸ ಅಲ್ಲಿಂದ ನಡೆಯುತ್ತಿತ್ತು. ಎಂ.ಟೆಕ್ ಮುಗಿಸಿದ್ದ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಕಲ್ಲೇಶಪ್ಪ ಗುತ್ತಿಗೆಯ ಮೇಲಿದ್ದ ಕೇಬಲ್ ಕೆಲಸದವರು. ಮೊದಲು ತೆಂಗಿನಕಾಯಿ ಕೆಡಹುತ್ತಿದ್ದವರು, ಮರದಿಂದ ಬಿದ್ದು ಸೊಂಟ ಹೋಗಿತ್ತು. ಈ ಕೆಲಸ ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಅದು ನನಗೂ ಗೊತ್ತಿತ್ತು.

ಒಮ್ಮೆ, ಒಂದು ತುಂಡಾದರೂ ಇನ್ನೊಂದಿರಲಿ ಎಂದು ಎರಡು ಕಂಪನಿಗಳಿಂದ ಎರಡು ಫೈಬರ್ ಲೈನ್ ತರಿಸಿದೆವು. ನಕ್ಷೆಯಲ್ಲಿ ಅವು ಬೇರೆ ಬೇರೆ ದಾರಿಯಲ್ಲಿದ್ದವು. ಕಲ್ಲೇಶಪ್ಪ ಕುಂಟುತ್ತಲೇ ರಸ್ತೆಗುಂಟ ಹೋಗಿ ಮಧ್ಯಾಹ್ನ ವಾಪಸ್ಸು ಬಂದು, "ಕಾಗ್ದದಾಗೆ ಎರಡು, ಮೋರಿ ಕೆಳಗೆ ಒಂದೇ ಕಣ್ರೀ. ಜೆಸಿಬಿಯೋನು ಒಂದೇ ಸಲಕ್ಕೆ ಎರಡನ್ನೂ ಎತ್ಕಂಡ್ ಹೋಯ್ತಾನೆ," ಎಂದರು. ನಾನು ನಕ್ಕೆ. ಹೋಗಿ ನೋಡಿದರೆ ಅವರು ಹೇಳಿದ್ದು ನಿಜವಾಗಿತ್ತು.

ಹೊರಗಿನ ಸಂಪರ್ಕವೆಲ್ಲ ಹಾದುಹೋಗುವ ಕಾವಲು ಬಾಗಿಲು ಫೈರ್‌ವಾಲ್; ಅದೀಗ ಬೇರೆ ಪೆಟ್ಟಿಗೆಯಲ್ಲ, ಸರ್ವರ್‌ನೊಳಗೆ ಓಡುವ ತಂತ್ರಾಂಶ. ಒಂದು ನಿಂತರೆ ಇನ್ನೊಂದು ನಡೆಸಲಿ ಎಂದು ನಮ್ಮಲ್ಲಿ ಎರಡಿದ್ದವು, ಎರಡು ಸರ್ವರ್‌ಗಳಲ್ಲಿ, ಒಂದೊಂದಕ್ಕೆ ಒಂದೊಂದು ಕೇಬಲು. ಯಾವುದೋ ರಿಪೇರಿಗೆಂದು ಎರಡನೆಯ ಫೈರ್‌ವಾಲನ್ನು ಮೊದಲನೆಯ ಸರ್ವರ್‌ಗೆ ಸರಿಸಿದ್ದೆ. ವಾಪಸ್ಸು ಕಳಿಸುವುದು ಮರೆತೆ. ಎರಡೂ ಈಗ ಒಂದೇ ಕೇಬಲಿನ ಮೇಲಿದ್ದರೂ ಪರದೆಯ ಮೇಲೆ ಹಸಿರಾಗಿಯೇ ಇದ್ದವು.

ಮುಂದಿನ ಸೋಮವಾರ ಕಲ್ಲೇಶಪ್ಪ ಮೊದಲನೆಯ ಸರ್ವರ್‌ನ ಕೇಬಲ್ ಕಿತ್ತರು. ಎಲ್ಲವೂ ನಿಂತಿತು. ತಕ್ಷಣ ಚುಚ್ಚಿದರೂ ಆಸ್ಪತ್ರೆಗಳ ಸಂಪರ್ಕ ಮರಳಲು ಬಹಳ ಹೊತ್ತು ಹಿಡಿಯಿತು.

ನನ್ನನ್ನು ಕೇಳದೆ ಏನನ್ನೂ ಕೀಳಬಾರದೆಂಬ ನಿಯಮವಿತ್ತು. ಮ್ಯಾನೇಜರು ಇಬ್ಬರನ್ನೂ ಕರೆದು, "ಯಾರನ್ನ ಕೇಳಿ ಕಿತ್ರಿ?" ಎಂದರು. ಕಲ್ಲೇಶಪ್ಪ ನನ್ನ ಕಡೆ ನೋಡಿದರು.

"ನನ್ನನ್ನ ಕೇಳಿರ್ಲಿಲ್ಲ," ಎಂದೆ.

ಈಗ ನೆನಪಿಸಿಕೊಂಡರೆ, ಅವರು ಬಾಗಿಲಲ್ಲಿ ನಿಂತು "ಕೀಳ್ಲಾ ಸಾ?" ಎಂದದ್ದು, ನಾನು ಫೋನಿನಲ್ಲಿ ಮಾತಾಡುತ್ತಲೇ ಕೈ ಆಡಿಸಿದ್ದು ಕಣ್ಣೆದುರು ಬರುತ್ತದೆ. ಅದು ಆ ಸೋಮವಾರವೋ, ಹಿಂದಿನ ಯಾವುದೋ ಸೋಮವಾರವೋ ಹೇಳಲಾರೆ. ಆಮೇಲೆ ನಾನೇ ಕಟ್ಟಿಕೊಂಡ ಚಿತ್ರವೂ ಇರಬಹುದು. ಮ್ಯಾನೇಜರ ಎದುರು ಅವರು ಏನೂ ಹೇಳಲಿಲ್ಲ ಎಂಬುದು ಮಾತ್ರ ಖಚಿತ. ಮಧ್ಯಾಹ್ನ ಮ್ಯಾನೇಜರು ಅವರ ಗುರುತಿನ ಚೀಟಿ ಕಿತ್ತುಕೊಂಡು ಕೆಲಸದಿಂದ ಕಳಿಸಿದರು. ಸಂಜೆ ನಾನು ಎರಡನೆಯ ಫೈರ್‌ವಾಲನ್ನು ಅದರ ಜಾಗಕ್ಕೆ ಕಳಿಸಿದೆ. ಯಾರಿಗೂ ಹೇಳಲಿಲ್ಲ. ಆಗ ನನಗೆ ಏನನ್ನಿಸಿತೋ, ಅದೂ ನೆನಪಿಲ್ಲ.

ಹೋದ ವರ್ಷ ಅವರನ್ನು ಚಿಕ್ಕನಾಯಕನಹಳ್ಳಿ ಬಸ್ ನಿಲ್ದಾಣದ ಎದುರು ನೋಡಿದೆ. ಪ್ಲಾಸ್ಟಿಕ್ ಹಾಳೆ ಹಾಸಿ ಚಾರ್ಜರು, ಇಯರ್‌ಫೋನು ಹರಡಿಕೊಂಡು ಕೂತಿದ್ದರು.

"ಚೆನ್ನಾಗಿದೀರಾ ಸಾ? ಈಗ ಯಾರು ಕೀಳ್ತಾರೆ?"

"ಯಾರೂ ಇಲ್ಲ."

"ಹಂಗಾದ್ರೆ ಎಲ್ಲಾ ಹಸ್ರಾಗೇ ಇರ್ತದೆ ಬುಡಿ," ಎಂದು ನಕ್ಕರು.

ನಾನು ಕುಕ್ಕರುಗಾಲಲ್ಲಿ ಕೂತೆ. "ಕಲ್ಲೇಶಪ್ಪನೋರೇ, ಅವತ್ತು ನೀವು ನನ್ನ ಕೇಳಿದ್ರಾ?"

ಅವರು ಒಂದು ಇಯರ್‌ಫೋನಿನ ಸಿಕ್ಕು ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಕೇಳಿದ್ದೆ ಅಂದ್ರೆ, ಈಗ್ ಹೋಗಿ ಅವ್ರಿಗೆ ಹೇಳೀರಾ?"

ನಾನು ಹಾಳೆಯ ಮೇಲಿದ್ದ ಒಂದು ಚಾರ್ಜರನ್ನು ಎತ್ತಿ ತಿರುಗಿಸಿ ನೋಡಿದೆ.

"ಮತ್ಯಾಕೆ ಬುಡಿ. ಬಸ್ ಬಂತು, ನೋಡಿ."

ಅದು ಹಂದನಕೆರೆಯ ಬಸ್ಸು. ನಾನು ಹೋಗಬೇಕಿದ್ದದ್ದು ತಿಪಟೂರಿಗೆ. ಆದರೂ ಅದನ್ನೇ ಹತ್ತಿ ಕೂತೆ.