ನನ್ನ ಕ್ಲಾಸ್ ಸುಮ್ಮನೆ ಕೂತ ದಿನ

ಪಾರುಲ್ ಮೇಡಂ ಬಂದು ಬಾಗಿಲಲ್ಲಿ ನಿಂತಾಗ ನನ್ನ ಏಳನೇ ಕ್ಲಾಸಿನ ಅರ್ಧ ಮಕ್ಕಳು ಕಾರಿಡಾರಿನಲ್ಲಿದ್ದರು. ಉಳಿದವರು ಹೊರಗೆ ಹೋಗಲು ನನ್ನ ಮೇಜಿನ ಮುಂದೆ ಸಾಲು ಹಚ್ಚಿದ್ದರು.

ನಿಯಮ ಮಾಡಿದವಳು ನಾನೇ. ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಮಾತ್ರ ಬಾತ್‌ರೂಮಿಗೆ ಬಿಡುತ್ತೇನೆ ಅಂದಿದ್ದೆ.

ಒಂದೇ ವಾರದಲ್ಲಿ ಇಡೀ ಕ್ಲಾಸ್ ಆ ಒಂದು ವಾಕ್ಯ ಕಲಿತುಬಿಟ್ಟಿತು. "ಪುಯೆದೊ ಇರ್ ಅಲ್ ಬಾನ್ಯೊ?" ಬಾತ್‌ರೂಮಿಗೆ ಹೋಗಲಾ ಅಂತ. ಉಚ್ಚಾರ ಎಷ್ಟು ಚೊಕ್ಕವಾಗಿತ್ತೆಂದರೆ ಇಲ್ಲ ಅನ್ನಲು ನನಗೆ ಬಾಯಿಯೇ ಬರುತ್ತಿರಲಿಲ್ಲ. ಅದರ ನಂತರ ಬೇರೆ ಯಾವ ವಾಕ್ಯವೂ ಅವರಿಗೆ ಬೇಕಾಗಲಿಲ್ಲ...

ನಾನಿನ್ನೂ ಟ್ರೈನಿ. ನವರಂಗಪುರದ ಹತ್ತಿರದ ಒಂದು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುವ ತರಬೇತಿಯಲ್ಲಿದ್ದೆ. ಪಾರುಲ್ ಮೇಡಂ ನಮ್ಮ ಮೆಂಟರ್. ಮುಂದಿನ ಗುರುವಾರ ನನ್ನ ಕೊನೆಯ ಪಾಠ ನೋಡಲು ಬರುತ್ತೇನೆ, ಆವತ್ತೂ ಹೀಗೇ ಇದ್ದರೆ ಸೈನ್ ಮಾಡುವುದಿಲ್ಲ ಎಂದು ದನಿ ಏರಿಸದೆ ಹೇಳಿ ಹೋದರು.

ಸೈನ್ ಇಲ್ಲವೆಂದರೆ ಸರ್ಟಿಫಿಕೇಟ್ ಇಲ್ಲ. ಮೇಲಾಗಿ ನಮ್ಮಿಬ್ಬರು ಟ್ರೈನಿಗಳಲ್ಲಿ ಒಬ್ಬರನ್ನು ಮಾತ್ರ ಶಾಲೆ ಜೂನ್‌ನಿಂದ ಕೆಲಸಕ್ಕೆ ಇಟ್ಟುಕೊಳ್ಳುವುದಿತ್ತು.

ಇನ್ನೊಬ್ಬಳು ಹೇತಲ್.

ವಡೋದರಾದ ಹುಡುಗಿ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಮೊದಲ ವಾರ ಅವಳು ಬೋರ್ಡಿನ ಮೇಲೆ ಮಾಡಿದ ತಪ್ಪುಗಳು ನನಗೆ ಇವತ್ತಿಗೂ ನೆನಪಿವೆ. ಯಾವ ತಪ್ಪು ಯಾವ ಸಾಲಿನಲ್ಲಿತ್ತು ಎಂಬುದೂ ನೆನಪಿದೆ.

ಅದೇ ಏಳನೇ ಕ್ಲಾಸ್ ಅವಳ ಪಿರಿಯಡ್‌ನಲ್ಲಿ ಫ್ಯಾನಿನ ಸದ್ದು ಕೇಳುವಷ್ಟು ಸುಮ್ಮನಿರುತ್ತಿತ್ತು.

ಕ್ಲಾಸಿನೊಳಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬೇಡ ಎಂದು ನಮ್ಮಿಬ್ಬರಿಗೂ ಮೊದಲ ದಿನವೇ ಹೇಳಿದ್ದರು. ನಾನದನ್ನು ವ್ರತ ಹಿಡಿದಂತೆ ಪಾಲಿಸಿದೆ. ಹೇತಲ್ ಆರಾಮಾಗಿ ಗುಜರಾತಿಯಲ್ಲಿ "ಬೇಸ್ ನೇ, ದಿಕ್ರಾ" ಅನ್ನುತ್ತಿದ್ದಳು. ಕೂತ್ಕೋ ಮಗೂ, ಅಷ್ಟೇ. ಹುಡುಗ ಕೂರುತ್ತಿದ್ದ.

ಅದನ್ನೇ ನಾನು ಸ್ಪ್ಯಾನಿಷ್‌ನಲ್ಲಿ ಗಂಟಲು ಹರಿಯುವಂತೆ ಹೇಳಿದರೆ ಹಿಂದಿನ ಬೆಂಚಿನವರು ರಾಗ ಹಾಕಿ ಹಾಡುತ್ತಿದ್ದರು.

ಕ್ಲಾಸ್ ಹೇಗೆ ಹಿಡಿತಕ್ಕೆ ತರಬೇಕು ಎಂಬ ವಿಷಯದ ಪುಸ್ತಕಗಳನ್ನು ನಾನು ಅಡಿಗೆರೆ ಎಳೆದು ಓದಿದ್ದೇನೆ. ಮಕ್ಕಳ ಜಾಗ ಬದಲಿಸಿ ನೋಡಿದೆ. ಒಳ್ಳೆಯ ನಡತೆಗೆ ಸ್ಟಾರ್ ಸ್ಟಿಕರ್ ಕೊಟ್ಟೆ. ಎರಡನೇ ದಿನ ನೋಡಿದರೆ ನನ್ನ ಸ್ಟಾರುಗಳು ಹಿಂದಿನ ಬೆಂಚಿನಲ್ಲಿ ಹಪ್ಪಳದಂಥ ಖಾಖ್ರಾಕ್ಕೆ ವಿನಿಮಯವಾಗುತ್ತಿವೆ!

ಖಾಖ್ರಾ ಅಂದಾಗ ನೆನಪಾಯಿತು. ನಾಸ್ತಾ ಬ್ರೇಕಿನಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಕೂತು ಮರುದಿನದ ಪಾಠ ತಯಾರಿಸುತ್ತಿದ್ದೆ. ಹೇತಲ್ ಮಕ್ಕಳ ನಡುವೆ ಕೂತು ಒಂದೊಂದು ಡಬ್ಬಿಯಿಂದ ಒಂದೊಂದು ಚೂರು ಮುರಿದು ತಿನ್ನುತ್ತಿದ್ದಳು. ತನ್ನ ಡಬ್ಬಿಯನ್ನು ಅವರ ಮುಂದೆ ಇಡುತ್ತಿದ್ದಳು. ಯಾರ ಅಕ್ಕ ಮದುವೆಯಾಗಿ ಸೂರತ್‌ಗೆ ಹೋದಳು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲವೂ ಅವಳಿಗೆ ಗೊತ್ತು.

ಇದಕ್ಕೆ ಪಾಠ ಅನ್ನುತ್ತಾರಾ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾಲ್ಕು ವರ್ಷ ಕಷ್ಟಪಟ್ಟು ಭಾಷೆ ಕಲಿತವಳು ನಾನು...

ನನ್ನ ಗಂಡ ಮಕರಪುರದ ಕಾರ್ಖಾನೆಯಲ್ಲಿ ಇಂಜಿನಿಯರ್. ದಿನಾ ಟ್ರೈನಿನಲ್ಲಿ ವಡೋದರಾಕ್ಕೆ ಹೋಗಿಬರುವ ಧಾರವಾಡದ ಮನುಷ್ಯ. ಪಾರುಲ್ ಮೇಡಂ ಹಾಗೆ ಹೇಳಿ ಹೋದ ರಾತ್ರಿ ಊಟಕ್ಕೆ ಕೂತು ನನ್ನ ಗೋಳು ಕೇಳಿ, "ನಿನಗ ಸಿಟ್ಟು ಹುಡುಗೂರ ಮ್ಯಾಲೋ, ಆ ಹುಡುಗಿ ಮ್ಯಾಲೋ?" ಅಂದರು.

"ಇಬ್ಬರ ಮ್ಯಾಲೂ."

"ಹಂಗಾದ್ರ ಆಕೀನ್ನೇ ಕೇಳು, ಹೆಂಗ ಸುಮ್ಮನ ಕೂಡಸ್ತೀ ಅಂತ."

"ನೆಟ್ಟಗ ಒಂದು ವಾಕ್ಯ ಬರಿಲಿಕ್ಕೆ ಬರದಾಕೀನ್ನ ನಾ ಏನ್ ಕೇಳ್ಲಿ?"

"ಕೇಳಬ್ಯಾಡ ಬಿಡು. ಸಾಲು ಭಾಳ ಉದ್ದ ಆದ್ರ ಟೋಕನ್ ಕೊಡು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಗುರುವಾರ ಬಂತು. ಪಾರುಲ್ ಮೇಡಂ ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತರು. ನಾನು ಬೋರ್ಡಿನ ಕಡೆಯಿಂದ ತಿರುಗುತ್ತೇನೆ... ಕ್ಲಾಸ್ ಸುಮ್ಮನೆ ಕೂತಿದೆ.

ಯಾರೂ ಏಳಲಿಲ್ಲ, ಯಾರೂ ಹಾಡಲಿಲ್ಲ. ಸ್ಟಿಕರ್ ವ್ಯಾಪಾರದ ಮುಖ್ಯಸ್ಥ ಧ್ರುವಿಲ್ ಕೈಯೆತ್ತಿ ಉತ್ತರ ಹೇಳಿದ. ಮೊದಲ ಬೆಂಚಿನ ಜಿಯಾ ಕಾಲ ಮೇಲೆ ಕಾಲು ಬಿಗಿದು, ತುಟಿ ಕಚ್ಚಿ ಕೂತಿದ್ದಳು. ಪಾಪ, ಎಷ್ಟು ಶ್ರದ್ಧೆ ಅಂದುಕೊಂಡೆ.

ಒಂದು ಜೋಕು ಕೂಡ ಮಾಡಿದೆ, ನಗಬೇಕಾದ ಜಾಗದಲ್ಲಿ ನಕ್ಕರು. ಕೊನೆಗೂ ನನ್ನ ಶ್ರಮ ಫಲಿಸಿತು ಎಂದು ಒಳಗೊಳಗೇ ಬೀಗಿದೆ. ಪಾರುಲ್ ಮೇಡಂ ತಲೆದೂಗಿ ಹೊರಗೆ ಹೋದರು.

ಬಾಗಿಲು ಮುಚ್ಚಿದ್ದೇ ತಡ, ಜಿಯಾ ಎದ್ದಳು. "ಪುಯೆದೊ ಇರ್ ಅಲ್ ಬಾನ್ಯೊ?" ಅವಳ ಹಿಂದೆ ಇಡೀ ಕ್ಲಾಸ್ ಸಾಲು ನಿಂತಿತು.

ಇಷ್ಟು ಹೊತ್ತು ಯಾಕೆ ಕೇಳಲಿಲ್ಲ ಎಂದೆ, ಹಿಡಿದ ವ್ರತ ಮರೆತು ಹಿಂದಿಯಲ್ಲಿ.

"ಹೇತಲ್‌ದೀದಿ ನೇ ಮನಾ ಕಿಯಾ ಥಾ, ಮ್ಯಾಮ್. ಆಜ್ ಆಪ್‌ಕಾ ಎಕ್ಸಾಮ್ ಥಾ ನಾ," ಅಂದಳು ಜಿಯಾ.

ಹೇತಲ್‌ದೀದಿ ಬೇಡ ಅಂದಿದ್ದರಂತೆ. ಇವತ್ತು ನನ್ನ ಪರೀಕ್ಷೆಯಂತೆ. ಅವಳು ದೀದಿ, ನಾನು ಮ್ಯಾಮ್.

ಸೈನ್ ಸಿಕ್ಕಿತು. ಕೆಲಸವೂ ನನಗೇ ಸಿಕ್ಕಿತು. ಭಾಷೆ ಶುದ್ಧವಾಗಿದೆ, ಕ್ಲಾಸ್ ಶಿಸ್ತಾಗಿದೆ ಎಂದು ಪಾರುಲ್ ಮೇಡಂ ಬರೆದಿದ್ದರು. ಅದರಲ್ಲಿ ಅರ್ಧ ಮಾತ್ರ ನನ್ನದು ಎಂದು ನಾನು ಯಾರಿಗೂ ಹೇಳಲಿಲ್ಲ.

ಕೊನೆಯ ದಿನ ಹೇತಲ್ ಮನೆಯಲ್ಲಿ ಮಾಡಿದ ಮೆಂತ್ಯದ ರೊಟ್ಟಿ, ಥೇಪ್ಲಾದ ಡಬ್ಬಿ ಕೊಟ್ಟು ಕಂಗ್ರಾಟ್ಸ್ ಹೇಳಿದಳು. ಮುಖದಲ್ಲಿ ಒಂದಿಷ್ಟು ಕಹಿಯಾದರೂ ಇರಬಾರದೇ ಎಂದು ಹುಡುಕಿದೆ. ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ಥೇಪ್ಲಾಕ್ಕೆ ಥ್ಯಾಂಕ್ಸ್ ಹೇಳಿದೆ. ಇನ್ನೊಂದಕ್ಕೆ ಇನ್ನೂ ಹೇಳಿಲ್ಲ.

ಜೂನ್‌ನಲ್ಲಿ ಅದೇ ಮಕ್ಕಳು ಎಂಟನೇ ಕ್ಲಾಸಿನಲ್ಲಿ ನನ್ನ ಮುಂದೆ ಕೂರುತ್ತಾರೆ. ಸುಮ್ಮನಿರಿ ಅಂತ ಹೇಳಲು ಅವಳಿರುವುದಿಲ್ಲ...

ಅವಳ ನಂಬರ್ ನನ್ನ ಫೋನಿನಲ್ಲಿದೆ. ನನ್ನ ಜಾಗದಲ್ಲಿ ನೀವಿದ್ದರೆ ಫೋನ್ ಮಾಡಿ ಕೇಳುತ್ತಿದ್ದಿರಾ?